ಚೀಟಿ ಇಲ್ಲದ ವಿಳಾಸ

ಸುರಬಾಯಾ ಬಂದರಿನ ನಮ್ಮ ಕಂಟೇನರ್ ಅಂಗಳದಲ್ಲಿ ಒಂದು ಕಟ್ಟಳೆಯಿದೆ. ನೆಟ್‌ವರ್ಕಿಗೆ ಸಿಕ್ಕಿಸುವ ಪ್ರತಿ ಪೆಟ್ಟಿಗೆಯ ಬೆನ್ನಿಗೂ ಅದರ ಯಂತ್ರವಿಳಾಸ ಬರೆದ ಹಳದಿ ಚೀಟಿ ಇರಬೇಕು. ಚೀಟಿ ಇಲ್ಲದ್ದು ಕಳ್ಳಮಾಲು. ಇದನ್ನು ತಂದವರು ಮೇಲಧಿಕಾರಿ ಪಾಕ್ ಸುಗೆಂಗ್; 'ಪಾಕ್' ಎಂದರೆ ಇಲ್ಲಿನವರ ಬಾಯಲ್ಲಿ 'ಸಾರ್'. ಅವರು ನಂಬುವುದು ಚೀಟಿಯನ್ನು, ಮನುಷ್ಯರನ್ನಲ್ಲ.

ಹೋದ ವಾರ ಎರಡು ಲಾರಿ ಮಾಲು ಮಾಯವಾಗಿತ್ತು. ಲಾರಿ ಹೊರಡುವ ಸಮಯವನ್ನು ಯಾರೋ ಒಳಗಿಂದಲೇ ಕದ್ದು ನೋಡುತ್ತಿದ್ದಾರೆಂದು ಗುಮಾನಿ. ಅಷ್ಟರಲ್ಲಿ ನೆಟ್‌ವರ್ಕ್ ಕಾಯುವ ಪರದೆಯ ಮೇಲೆ 00-00-5E-00-01-0A ಎಂಬ ವಿಳಾಸ ಕಂಡಿತು. ಮೂಲೆಮೂಲೆ ಜಾಲಾಡಿದರೂ ಆ ವಿಳಾಸದ ಚೀಟಿಯಿರುವ ಪೆಟ್ಟಿಗೆ ಸಿಗಲಿಲ್ಲ.

"ನಿನ್ನೆ ಕೇಬಲ್ ಎಳೆದೋರು ಯಾರು?" ಎಂದರು ಪಾಕ್ ಸುಗೆಂಗ್.

"ನಾನೇ, ಪಾಕ್. ಎರಡನೇ ರೌಟರ್‌ಗೆ," ಎಂದಳು ನನ್ನ ಜೊತೆ ಕೆಲಸ ಮಾಡುವ ಲಸ್ಮಿನಿ.

"ಹಾಗಾದ್ರೆ ಮೂರನೇದನ್ನ ಎಲ್ಲಿ ಬಚ್ಚಿಟ್ಟಿದೀಯ?"

ಅವಳ ಚೀಲ ಸುರಿದರು. ಬುತ್ತಿಯ ಮುಚ್ಚಳ ತೆಗೆದು ಅನ್ನದೊಳಗೆ ಚಮಚ ಆಡಿಸಿದರು! ನನ್ನ ಮೈ ಉರಿಯಿತು. ಮಧ್ಯಾಹ್ನದೊಳಗೆ ಪೆಟ್ಟಿಗೆ ಕೊಡದಿದ್ದರೆ ಕೆಲಸ ಹೋಯಿತು, ಪೊಲೀಸರೂ ಬರುತ್ತಾರೆ ಎಂದರು.

"ಪೆಟ್ಟಿಗೇನೇ ಇಲ್ಲ, ಪಾಕ್. ಇದು ಎರಡು ರೌಟರ್ ಹಂಚಿಕೊಳ್ಳೋ ವಿಳಾಸ. ಒಂದು ಸತ್ತರೆ ಇನ್ನೊಂದು ಇದೇ ಹೆಸರಲ್ಲಿ ನಿಲ್ಲುತ್ತೆ. ನನ್ನ ಹಳೇ ಕಂಪನೀಲೂ ಇಂಥ ವಿಳಾಸದ ಶುರು ಹೀಗೇ ಇತ್ತು, ಕೊನೇ ಎರಡು ಅಕ್ಷರ ಮಾತ್ರ ಬೇರೆ."

"ಕಥೆ ಚೆನ್ನಾಗಿದೆ."

ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತು. ಈ ಊರಲ್ಲಿ ಯಾರನ್ನು ನಂಬುವುದು? ಲಸ್ಮಿನಿ ನನ್ನತ್ತ ತಿರುಗಿದಳು. "ನೀನೂನಾ? ಹೋಗು, ಮೊದಲನೇ ರೌಟರಿನ ಕರೆಂಟ್ ಕೀಳು."

"ನೆಟ್‌ವರ್ಕ್ ಹೋಗಿ ಗೇಟು ನಿಂತ್ರೆ ಇಬ್ರೂ ಮನೆಗೆ," ಎಂದರು ಪಾಕ್ ಸುಗೆಂಗ್.

ಹೊರಗೆ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಕಿತ್ತೆ. ಗೇಟು ನಿಲ್ಲಲಿಲ್ಲ. ಪರದೆಯಲ್ಲಿ ಆ ವಿಳಾಸ ಮೊದಲನೇ ರೌಟರಿನ ತಂತಿಯಿಂದ ಅಳಿಸಿಹೋಗಿ ಎರಡನೇ ರೌಟರಿನ ತಂತಿಯ ಮೇಲೆ ಬಂದು ಕೂತಿತ್ತು.

"ನೋಡಿದ್ಯಾ! ಕಳ್ಳ ಜಾಗ ಬದಲಾಯಿಸ್ತಾನೆ!"

"ಕಳ್ಳ ಅಲ್ಲ ಪಾಕ್, ಪಾಳಿ ಬದಲಾಯ್ತು. ನಮ್ಮ ಗೇಟಿನ ಕಾವಲುಗಾರರ ಹಾಗೆ."

ನಾನು ಎರಡನೇ ರೌಟರಿನ ಸೆಟ್ಟಿಂಗ್ ತೆರೆದೆ. ವಿಳಾಸ ಹಂಚಿಕೊಳ್ಳುವ ಗುಂಪಿನ ಸಂಖ್ಯೆ ಹತ್ತು. ಯಂತ್ರ ಹತ್ತನ್ನು ಬರೆಯುವುದೇ 0A ಎಂದು; ವಿಳಾಸದ ಕೊನೆಯ ಎರಡು ಅಕ್ಷರ ಅದೇ. ಮೊದಲನೆಯದಕ್ಕೆ ಕರೆಂಟ್ ಕೊಟ್ಟು ನೋಡಿದರೆ ಅದರಲ್ಲೂ ಹತ್ತು.

ಪಾಕ್ ಸುಗೆಂಗ್ ಕ್ಷಮೆ ಕೇಳಲಿಲ್ಲ. "ಸರಿ. ಆದ್ರೂ ಚೀಟಿ ಬೇಕು. ಎಲ್ಲಿಗಾದ್ರೂ ಅಂಟಿಸು."

ಲಸ್ಮಿನಿ ಹಳದಿ ಚೀಟಿ ಬರೆದು ತನ್ನ ಬುತ್ತಿಯ ಮುಚ್ಚಳಕ್ಕೆ ಅಂಟಿಸಿದಳು. "ಈಗ ಇದು ಲೆಕ್ಕಕ್ಕೆ ಸೇರಿದ ಮಾಲು. ಕೈ ಹಾಕೋ ಮುಂಚೆ ಕೇಳಿ."

ನಕ್ಕುಬಿಟ್ಟೆ. ನಗಬಾರದಿತ್ತು. ಲಾರಿ ಕಳ್ಳ ಇನ್ನೂ ಸಿಕ್ಕಿರಲಿಲ್ಲ. ಪಾಕ್ ಸುಗೆಂಗ್ ನಿಧಾನವಾಗಿ ತಿರುಗಿ ನನ್ನ ಬುತ್ತಿಯನ್ನು ನೋಡಿದರು. ಅದಕ್ಕೆ ಚೀಟಿ ಇರಲಿಲ್ಲ.