ಮೈಲಾರಮ್ಮನ ಮೂರನೇ ಪಟ

ಎಡಗೈ ಯಾವುದು, ಬಲಗೈ ಯಾವುದು ಅಂತ ನನಗೆ ಗೊತ್ತಿಲ್ಲ ಎಂದು ರಾಯದುರ್ಗದ ಪೇಟೆಯೆಲ್ಲ ಆಡಿಕೊಂಡು ನಕ್ಕಿತ್ತು. ಹದಿನೆಂಟು ವರ್ಷ ಕಾಂಪೌಂಡರ್ ಕೆಲಸ ಮಾಡಿದ ಬೊಮ್ಮಪ್ಪ ನಾನು. ಈಗಲೂ ಆ ನಗು ನೆನಪಾದರೆ ಮೈ ಉರಿಯುತ್ತದೆ.

ನಮ್ಮ ಡಾಕ್ಟರು ಮದ್ರಾಸಿನಲ್ಲಿ ಓದಿದವರು. ಮೂವತ್ತೇಳನೇ ಇಸವಿಯಲ್ಲಿ ಅಲ್ಲಿಂದಲೇ ಹಳೆಯದೊಂದು ಯಂತ್ರ ತರಿಸಿದರು. ಗುಂಡಿಗೆಯ ಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಇಳಿಸುವ ಯಂತ್ರ. ಸ್ಟೇಷನ್ನಿನಿಂದ ದವಾಖಾನೆಗೆ ಅದು ಬಂದದ್ದು ಎರಡು ಎತ್ತಿನ ಗಾಡಿಗಳಲ್ಲಿ. ರೋಗಿ ಎರಡು ಕೈಗಳನ್ನೂ ಎಡಗಾಲನ್ನೂ ಉಪ್ಪುನೀರಿನ ಮೂರು ಪಾತ್ರೆಗಳಲ್ಲಿ ಇಳಿಬಿಟ್ಟು ಅಲುಗಾಡದೆ ಕೂರಬೇಕು. ಪಾತ್ರೆಗೊಂದು ತಂತಿ. ತಂತಿ ಹಚ್ಚುವುದು, ಕತ್ತಲೆ ಕೋಣೆಯಲ್ಲಿ ಕಾಗದ ತೊಳೆದು ಒಣಗಿಸುವುದು ನನ್ನ ಪಾಲಿಗೆ ಬಂತು. ಹುಣ್ಣು ತೊಳೆದು ಮುಲಾಮು ಅರೆದು ಸಾಕಾಗಿದ್ದ ನನಗೆ ಆ ಯಂತ್ರವೆಂದರೆ ಪ್ರಾಣವಾಯಿತು.

ಗೆರೆ ಮೂಡಿದ ಆ ಕಾಗದಕ್ಕೆ ನಾವು ಪಟ ಎನ್ನುತ್ತಿದ್ದೆವು; ಅದನ್ನು ಓದುವುದನ್ನೂ ಡಾಕ್ಟರೇ ಕಲಿಸಿದರು. ಮೊದಲು ಒಂದು ಸಣ್ಣ ಉಬ್ಬು ಬರುತ್ತದೆ, ಅದು ಗುಂಡಿಗೆಯ ಮೇಲಿನ ಕೋಣೆಗಳು ಹಿಂಡಿಕೊಂಡ ಗುರುತು. ಆಮೇಲೆ ಚೂಪಾದ ಶಿಖರ, ಕೆಳಗಿನ ದೊಡ್ಡ ಕೋಣೆಗಳದು. ಕೊನೆಗೆ ಅಗಲವಾದ ದಿಬ್ಬ, ಅವು ಸುಧಾರಿಸಿಕೊಳ್ಳುವ ಹೊತ್ತು. ಒಂದು ಶಿಖರದಿಂದ ಇನ್ನೊಂದಕ್ಕೆ ಕಾಗದದ ಮೇಲಿನ ನಾಲ್ಕು ದೊಡ್ಡ ಚೌಕದ ಮನೆಗಳ ದೂರವಿದ್ದರೆ ನಿಮಿಷಕ್ಕೆ ಎಪ್ಪತ್ತೈದು ಬಡಿತ, ಐದಿದ್ದರೆ ಅರವತ್ತು. ಒಂದು ಪಟದಲ್ಲಿ ಮೂರು ಸಾಲು. ಮೊದಲ ಸಾಲು ಬಲಗೈಗೂ ಎಡಗೈಗೂ ನಡುವಿನದು. ಅದರಲ್ಲಿ ಉಬ್ಬು, ಶಿಖರ, ದಿಬ್ಬ ಮೂರೂ ಮೇಲಕ್ಕೇ ಏಳಬೇಕು. ಮೂರೂ ತಲೆಕೆಳಗಾಗಿ ಬಿದ್ದರೆ ಕಾಂಪೌಂಡರ್ ಕೈಗಳ ತಂತಿಯನ್ನು ಅದಲುಬದಲು ಮಾಡಿದ್ದಾನೆ ಎಂದೇ ತಿಳಿಯಬೇಕು. ಆ ತಪ್ಪು ಆಗದಿರಲೆಂದು ನಾನು ಬಲಗೈ ತಂತಿಗೆ ಕೆಂಪು ದಾರ ಕಟ್ಟಿದ್ದೆ.

ಒಂದು ಬೆಳಿಗ್ಗೆ ಬೆಳುಗುಪ್ಪದ ಹಂಪಕ್ಕ ತನ್ನ ಸೊಸೆಯನ್ನು ಕರೆತಂದಳು. ಸೊಸೆ ಮೈಲಾರಮ್ಮ ಮಡಕಶಿರದ ಕಡೆಯ ರೊಳ್ಳದ ಕುರಿಗಾರರ ಹುಡುಗಿ, ಇಪ್ಪತ್ತರ ಒಳಗಿನವಳು.

"ನಾಕು ಕೊಡ ನೀರು ತರೋದ್ರಾಗ ಏದುಸಿರು ಬಿಡ್ತಾಳ್ರಿ. ಗುಂಡಿಗಿ ಕೆಟ್ಟಿದ್ರ ಹೇಳಿಬಿಡ್ರಿ, ತವರುಮನಿಗೆ ಬಿಟ್ಟು ಬರ್ತೀವಿ. ನನ್ನ ಮಗಗ ಬ್ಯಾರೆ ಹೆಣ್ಣು ನೋಡ್ತೀವಿ" ಎಂದಳು ಹಂಪಕ್ಕ, ಸೊಸೆ ಎದುರಿಗೇ.

ಡಾಕ್ಟರು ಸೀರೆಯ ಮೇಲಿಂದಲೇ ಎಡಗಡೆಗೆ ಸ್ಟೆತಾಸ್ಕೋಪ್ ಇಟ್ಟು, "ಸದ್ದು ಭಾಳ ಕ್ಷೀಣ ಐತಿ, ಪಟ ತಗಿ" ಎಂದರು. ತೆಗೆದೆ. ತೊಳೆದು ನೋಡಿದರೆ ಮೊದಲ ಸಾಲು ಪೂರ್ತಿ ತಲೆಕೆಳಗು.

"ಕೆಂಪು ದಾರ ಕಟ್ಟಿಕೊಂಡೂ ಬಲಗೈ ಗೊತ್ತಾಗಲಿಲ್ಲೇನು ಬೊಮ್ಮಪ್ಪ?" ಎಂದು ನಕ್ಕರು. ಮತ್ತೆ ತೆಗೆದೆ. ದಾರ ಮುಟ್ಟಿ ನೋಡಿದೆ, ಅವಳ ಬಲಗೈ ಮುಟ್ಟಿ ನೋಡಿದೆ, ನನ್ನ ಬಲಗೈಯನ್ನೂ ನೋಡಿಕೊಂಡೆ. ಮತ್ತೆ ತಲೆಕೆಳಗು. ಈ ಸಲ ಡಾಕ್ಟರು ನಗಲಿಲ್ಲ.

"ನಾ ಸರಿಯಾಗೇ ಹಚ್ಚೀನ್ರಿ" ಎಂದೆ.

"ಹಂಗಾದ್ರ ಯಂತ್ರ ಸುಳ್ಳು ಹೇಳ್ತದೇನು? ಇನ್ನೊಂದು ಸಲ ತಗಿ, ನಾನೇ ನಿಂತು ನೋಡ್ತೀನಿ. ಈಗಲೂ ಹಿಂಗೇ ಬಂದ್ರ ಯಂತ್ರದ ಕಂಪನಿಗೆ ಕಾಗದ ಬರೀತೀನಿ. ನೆಟ್ಟಗೆ ಬಂತಂದ್ರ ಮೊದಲೆರಡು ನಿನ್ನ ತಪ್ಪು. ನಾಳಿಂದ ಯಂತ್ರ ಮುಟ್ಟಬ್ಯಾಡ" ಎಂದು ಕಾಫಿ ಕುಡಿಯಲು ಒಳಗೆ ಹೋದರು. ಹಂಪಕ್ಕ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ನಾನು ಹಲ್ಲು ಕಡಿಯುತ್ತ ಪಾತ್ರೆಗಳಿಗೆ ಹೊಸ ಉಪ್ಪುನೀರು ಸುರಿದೆ.

"ಅಣ್ಣಾ, ನಿಂದೇನೂ ತಪ್ಪಿಲ್ಲ ಕಣಣ್ಣ" ಎಂದಳು ಮೈಲಾರಮ್ಮ ಮೆಲ್ಲಗೆ. "ನನ್ ಗುಂಡ್ಗೇನೇ ಬಲಕ್ಕೈತೆ."

ನಾನು ಚೊಂಬು ಕೆಳಗಿಟ್ಟೆ.

"ನಮ್ಮಜ್ಜಿ ಸೋತ ಕುರಿಮರಿ ಎದೆ ಮುಟ್ಟಿ ನೋಡೋಳು. ಕೂಸಾಗಿದ್ದಾಗ ನನ್ನೂ ಹಂಗೇ ಮುಟ್ಟಿ ಅವಳೇ ಕಂಡ್ಕಂಡ್ಲಂತೆ. ಯಾರ್ಗೂ ಹೇಳ್ಬ್ಯಾಡ್ರಿ, ಐಬಿನ ಹುಡ್ಗಿ ಅಂತ ಯಾರೂ ಮಾಡ್ಕಳಲ್ಲ ಅಂತ ನಮ್ಮವ್ವನ ಕೈಲಿ ಆಣೆ ಇಕ್ಕಿಸ್ಕಂಡಿದ್ಲು."

ನಂಬಲಾಗದೆ ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಅವಳ ಕೈಗೇ ಕೊಟ್ಟೆ. ಅವಳು ಸೆರಗಿನೊಳಗೆ ಬಲಗಡೆ ಇಟ್ಟುಕೊಂಡಳು. ಕಿವಿ ತುಂಬುವಂಥ, ಒಂದಿಷ್ಟೂ ತಪ್ಪದ ಬಡಿತ. ಗುಂಡಿಗೆಯೇ ಅದಲುಬದಲಾಗಿರುವಾಗ ತಂತಿ ಸರಿಯಾಗಿ ಹಚ್ಚಿದರೂ ಪಟ ತಲೆಕೆಳಗಾಗದೆ ಇನ್ನೇನು?

ಕನಿಕರಕ್ಕಿಂತ ಮೊದಲು ನನಗೆ ಬಂದದ್ದು ಸಿಟ್ಟು. "ಮೊದಲೇ ಹೇಳೋಕೇನಾಗಿತ್ತು? ಎರಡು ಸಲ ಬೈಸಿಕೊಂಡೆನಲ್ಲ ನಿನ್ನ ಎದುರಿಗೆ."

"ಹೇಳಿದ್ರೆ ನಮ್ಮತ್ತೆ ಇವತ್ತೇ ಬಂಡಿ ಹತ್ತಿಸ್ತಾಳೆ. ನೀನು ಬೈಸ್ಕಳೋದು ನೋಡಕಾಗ್ದೆ ಹೇಳ್ದೆ. ಇನ್ನು ನಿನ್ನಿಷ್ಟ ಕಣಣ್ಣ."

ನನ್ನಿಷ್ಟವಂತೆ. ಬಾಯಿ ಬಿಟ್ಟರೆ ನನ್ನ ಮಾನ ಉಳಿಯುತ್ತದೆ, ಯಂತ್ರವೂ ಉಳಿಯುತ್ತದೆ. ಡಾಕ್ಟರಿಗಂತೂ ಹಬ್ಬ. ಬಳ್ಳಾರಿಯ ತನಕ ಹೇಳಿಕೊಂಡು ಬರುತ್ತಾರೆ, ಗುಟ್ಟು ಇಡುವ ಜನ್ಮವಲ್ಲ ಅವರದು. ಜಗಲಿಯಲ್ಲಿ ಕೂತವಳ ಕಿವಿಗೆ ಮೊದಲು ಬೀಳುತ್ತದೆ. ಬಾಯಿ ಮುಚ್ಚಿಕೊಂಡು ಮತ್ತೆ ತಲೆಕೆಳಗು ಪಟವನ್ನೇ ಕೊಟ್ಟರೆ ತಪ್ಪು ಯಂತ್ರದ ಮೇಲೆ ಹೋದೀತು, ಆದರೆ ಗುಂಡಿಗೆ ಗಟ್ಟಿ ಎಂಬ ಮಾತು ಸಿಗದೆ ಅವಳು ಸೊಸೆಯನ್ನು ತವರಿಗೆ ಬಿಟ್ಟೇ ಬಿಡುತ್ತಾಳೆ. ಈ ಹುಡುಗಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಸುಣ್ಣದಂತೆ ಬಿಳುಪು. ಇದ್ದ ಕಾಯಿಲೆಯೆಂದರೆ ರಕ್ತ ಕಡಿಮೆ, ಅಷ್ಟೇ. ಎರಡು ಸೀಸೆ ಟಾನಿಕ್ಕಿನಲ್ಲಿ ಹೋಗುವಂಥದ್ದಕ್ಕೆ ಅವಳ ಬಾಳು ಹೋಗಬೇಕೆ? ಹೋಗದಿರಬೇಕಾದರೆ ನಾನೇ ಏಕೆ ದಡ್ಡನಾಗಬೇಕು? ಯಾರ ಮೇಲೆ ಸಿಟ್ಟು ಮಾಡಬೇಕೆಂದೂ ಗೊತ್ತಾಗದೆ ಉಪ್ಪಿನ ಡಬ್ಬಿಯನ್ನು ಒದ್ದೆ.

ಒಳಗಿನಿಂದ ಡಾಕ್ಟರ ಚಪ್ಪಲಿ ಸದ್ದು ಕೇಳಿತು. ಬಲಗೈ ತಂತಿಯ ಕೆಂಪು ದಾರ ಬಿಚ್ಚಿ ಎಡಗೈ ತಂತಿಗೆ ಕಟ್ಟಿಬಿಟ್ಟೆ. ದಾರವಿದ್ದ ಆ ತಂತಿಯನ್ನು ಬಲಗೈ ಪಾತ್ರೆಗೆ, ಇನ್ನೊಂದನ್ನು ಎಡಗೈ ಪಾತ್ರೆಗೆ ಹಚ್ಚಿದೆ.

ಡಾಕ್ಟರು ಬಂದು ಪಾತ್ರೆಗಳ ಮುಂದೆ ಬಗ್ಗಿ ನಿಂತರು. "ಕೆಂಪು ದಾರ ಬಲಗೈ ಪಾತ್ರೆಗೆ. ನೋಡಿದೆ" ಎಂದು ಗಟ್ಟಿಯಾಗಿ ಹೇಳಿದರು. ಪಟ ತೆಗೆದಾಯಿತು, ತೊಳೆದಾಯಿತು. ಮೊದಲ ಸಾಲಿನಲ್ಲಿ ಉಬ್ಬು, ಶಿಖರ, ದಿಬ್ಬ ಮೂರೂ ನೆಟ್ಟಗೆ ನಿಂತಿದ್ದವು.

"ಗುಂಡಿಗಿ ಗಟ್ಟಿ ಐತೆವ್ವ ನಿನ್ನ ಸೊಸಿದು. ರಕ್ತ ಇಲ್ಲ, ಟಾನಿಕ್ ಕುಡಿಸು, ನೀರು ಹೊರೋದು ಸ್ವಲ್ಪ ದಿನ ನೀನೇ ನೋಡ್ಕೊ" ಎಂದು ಹಂಪಕ್ಕನಿಗೆ ಹೇಳಿ, ಡಾಕ್ಟರು ನನ್ನ ಕಡೆ ತಿರುಗಿದರು. "ಈಗರ ಒಪ್ಕೋತೀಯೇನು, ಅದಲುಬದಲು ಮಾಡಿದ್ದೆ ಅಂತ?"

"ಹೌದ್ರಿ, ಮಾಡಿದ್ದೆ" ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮೈಲಾರಮ್ಮ ತಲೆ ಎತ್ತಲಿಲ್ಲ. ಸಂಜೆ ದಾರವನ್ನು ಮೊದಲಿನ ತಂತಿಗೇ ಕಟ್ಟಿ ಯಂತ್ರಕ್ಕೆ ಬಟ್ಟೆ ಹೊದಿಸಿದೆ. ಅಳು ಬಂತು.

ಮರುತಿಂಗಳು ಬಳ್ಳಾರಿಯಿಂದ ಉಜ್ಜಿನಪ್ಪ ಎಂಬ ಹೊಸ ಕಾಂಪೌಂಡರ್ ಬಂದ. ಅವನಿಗೆ ಕಲಿಸಲೆಂದು ಡಾಕ್ಟರು ಮೈಲಾರಮ್ಮನ ಎರಡನೇ ಮತ್ತು ಮೂರನೇ ಪಟಗಳಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಮೂರನೆಯದನ್ನು ತೋರಿಸಿ, "ಸರಿಯಾದ ಪಟ ಅಂದ್ರ ಹಿಂಗಿರಬೇಕು ನೋಡಪ್ಪ" ಎನ್ನುತ್ತಿದ್ದರು. ಎರಡನೆಯದನ್ನು ತೋರಿಸಿ, "ಇದು ಬೊಮ್ಮಪ್ಪನ ತಪ್ಪು" ಎನ್ನುತ್ತಿದ್ದರು. ಅದರ ಕೆಳಗೇ ಕೂತು ನಾನು ಗಂಧಕದ ಮುಲಾಮು ಅರೆಯುತ್ತಿದ್ದೆ.

ಎರಡನೇ ಸೀಸೆ ಟಾನಿಕ್ಕಿಗೆ ಮೈಲಾರಮ್ಮ ಒಬ್ಬಳೇ ಬಂದಳು. ಮೈಕೈ ತುಂಬಿಕೊಂಡಿದ್ದಳು. ಗೋಡೆ ನೋಡಿದಳು, ನನ್ನ ಕೈಯಲ್ಲಿದ್ದ ಕಲ್ಲುಗುಂಡು ನೋಡಿದಳು. ಏನೋ ಹೇಳಲು ಬಾಯಿ ತೆರೆದಳು.

"ಊಟ ಆದ್ಮೇಲೆ ಒಂದು ಚಮಚ" ಎಂದು ನಾನೇ ಮೊದಲು ಗದರಿದೆ. ಅವಳು ಸೀಸೆ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ಅವಳು ಹೋದ ಮೇಲೆ ಉಜ್ಜಿನಪ್ಪ ಕೇಳಿದ: "ಅಲ್ರೀ ಬೊಮ್ಮಪ್ಪನೋರೆ, ಎರಡು ಸಲನೂ ಹೆಂಗ ತಪ್ಪಿದ್ರಿ?"

"ಎಡ ಬಲ ಗೊತ್ತಾಗಲಿಲ್ಲಪ್ಪ" ಎಂದು ನಾನು ಮುಲಾಮು ಅರೆದೆ.