ಎರಡು ಬೆರಳು ಮುಂದಕ್ಕೆ

ಅಪ್ಪನ ಕಣ್ಣು ಮಂಜಾದ ಸುದ್ದಿ ಗೋದಾಮಿನ ಪಾರಿವಾಳಗಳಿಗೆ ಎಲ್ಲರಿಗಿಂತ ಮೊದಲೇ ಗೊತ್ತಾಗಿತ್ತು. ಅವನು ಏರ್ ರೈಫಲ್ ಎತ್ತಿದರೂ ತೊಲೆಯ ಮೇಲೆ ಕದಲದೆ ಕೂತು, ಕೆಳಗಿನ ಗೋಧಿ ಮೂಟೆಗಳ ಮೇಲೆ ಹಿಕ್ಕೆ ಹಾಕುತ್ತಿದ್ದವು. ಅವನ್ನು ಹೊಡೆಯುವುದಕ್ಕೆಂದೇ ಹಿಟ್ಟಿನ ಕಾರ್ಖಾನೆ ಅಪ್ಪನಿಗೆ ಸಂಬಳ ಕೊಡುತ್ತಿತ್ತು. ಬರಬರುತ್ತಾ, ಹಮಾಲರು ಬರುವ ಮೊದಲೇ ಮಗಳು ಬಂದು ಹೊಡೆದು ಹೋಗತೊಡಗಿದಳು. ಸತ್ತ ಹಕ್ಕಿಗಳನ್ನು ಅಪ್ಪ ಮ್ಯಾನೇಜರಿಗೆ ತೋರಿಸುತ್ತಿದ್ದ, ಮ್ಯಾನೇಜರು ಭೇಷ್ ಎಂದು ಬೆನ್ನು ತಟ್ಟುತ್ತಿದ್ದರು. ಅಪ್ಪ ಸಂಕೋಚವಿಲ್ಲದೆ ತಟ್ಟಿಸಿಕೊಳ್ಳುತ್ತಿದ್ದ.

ಅವನು ಕೆಲಸ ಬಿಡುವ ಮಾತು ಬಂದಾಗ ಮ್ಯಾನೇಜರು, "ನಿಮ್ಮನೇಲೇ ಯಾರಾದ್ರೂ ಇದ್ರೆ ಕಳಿಸಿ. ಬಂದೂಕಿಗೆ ಒಂದು ಒಳ್ಳೆ ದುರ್ಬೀನು ಹಾಕಿಸೋಣ, ಚಾವಣಿ ಶೀಟು ತೂತಾಗೋದಾದ್ರೂ ತಪ್ಪತ್ತೆ" ಅಂದರು. ಅಪ್ಪ ಮನೆಗೆ ಬಂದವನೇ ಮಗಳನ್ನು ಕರೆದ.

"ನಡಿಯಮ್ಮ, ಅಂಗಡಿಗೆ ಹೋಗೋಣ. ನಿನಗಿಂತ ಚೆನ್ನಾಗಿ ಯಾರು ಆರಿಸ್ತಾರೆ?"

ಅಷ್ಟು ಸಾಕಾಯಿತು ಅವಳಿಗೆ. ಕೆಲಸ ತನಗೇ ಅಂದುಕೊಂಡಳು. ಬಾಯಿಬಿಟ್ಟು ಕೇಳಲು ನಾಚಿಕೆಯಾಗುವಷ್ಟು ಆ ಕೆಲಸ ಅವಳಿಗೆ ಬೇಕಾಗಿತ್ತು.

ಅಂಗಡಿಯವನು ಮೊದಲು ತೆಗೆದಿಟ್ಟದ್ದು ದೊಡ್ಡ ಬಂದೂಕಿನ ದುರ್ಬೀನು. "ಇದು ಬೇಡ. ನಮ್ಮದು ಸ್ಪ್ರಿಂಗಿನ ಬಂದೂಕು, ಹಿಂದಕ್ಕೂ ಒದೆಯುತ್ತೆ, ಮುಂದಕ್ಕೂ ಒದೆಯುತ್ತೆ. ಇದರ ಗಾಜು ಸಡಿಲ ಆಗಿಬಿಡುತ್ತೆ" ಅಂದಳು. ಇನ್ನೊಂದರೊಳಗಿನ ಅಡ್ಡಗೆರೆ, ಉದ್ದಗೆರೆ ಕೂದಲೆಳೆಯಷ್ಟು ಸಣ್ಣಗಿದ್ದವು. ಅಂಗಡಿಯ ಹಿಂಬದಿಯ ಕತ್ತಲಿಗೆ ಹೋಗಿ ಸೂರಿನ ಮೂಲೆಗೆ ಹಿಡಿದಳು, ಗೆರೆಗಳೇ ಮಾಯ. ಮತ್ತೊಂದರ ಗೆರೆ ಎಷ್ಟು ದಪ್ಪವೆಂದರೆ ಪಾರಿವಾಳದ ತಲೆಯೇ ಅದರ ಹಿಂದೆ ಅಡಗಿಬಿಡುತ್ತಿತ್ತು. "ಹೆಣ್ಣು ನೋಡೋಕೆ ಬಂದವರೂ ಇಷ್ಟು ಕೊಂಕು ತೆಗೆಯಲ್ಲ" ಎಂದು ಅಂಗಡಿಯವನು ಗೊಣಗಿದ. ಕೊನೆಗೂ ಸಿಕ್ಕಿತು: ಅಂಚಿನಲ್ಲಿ ದಪ್ಪ, ನಡುವಿಗೆ ಬಂದಂತೆ ತೆಳು, ಗೆರೆಗಳು ಕೂಡುವಲ್ಲಿಂದ ಕೆಳಕ್ಕೆ ಸಣ್ಣ ಸಣ್ಣ ಚುಕ್ಕೆ. ಕಣ್ಣಿಗೆ ಹಿಡಿದಾಗ ಅವಳಿಗೆ ಗೋದಾಮಿನ ತೊಲೆಗಳೆಲ್ಲ ತನ್ನವೇ ಅನ್ನಿಸಿತು.

ಮನೆಯಲ್ಲಿ ಮೇಜಿನ ಮುಂದೆ ಕೂತು, ಬಂದೂಕಿನ ಹಿಡಿಗೆ ಕೆನ್ನೆಯಿಟ್ಟು, ದುರ್ಬೀನನ್ನು ಹಿಂದೆ ಮುಂದೆ ಸರಿಸಿದಳು. ಗಾಜಿನ ತುಂಬ ಬೆಳಕು ಬಂದ ಕಡೆ ತಿರುಪು ಬಿಗಿಯಲು ಹೊರಟಳು.

"ಇನ್ನೂ ಎರಡು ಬೆರಳು ಮುಂದಕ್ಕೆ ತಳ್ಳು" ಅಂದ ಅಪ್ಪ.

"ಯಾಕಪ್ಪ? ಅಷ್ಟು ಮುಂದೆ ಹೋದ್ರೆ ನನಗೆ ಸುತ್ತ ಕಪ್ಪು ಬರತ್ತೆ."

"ನಿನಗಲ್ಲಮ್ಮ. ನಿನ್ನ ತಮ್ಮನ ಕತ್ತು ಉದ್ದ."

ತಮ್ಮ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಿದ್ದ. ಓಣಿಯವರು ಅವನನ್ನು ಕೊಕ್ಕರೆ ಅನ್ನುತ್ತಿದ್ದರು. ಕತ್ತೂ ಹಾಗೇ ಇತ್ತು, ಯಾವ ಕೆಲಸದಲ್ಲೂ ಒಂದೇ ಕಾಲಲ್ಲಿ ನಿಲ್ಲುವ ಬುದ್ಧಿಯೂ ಹಾಗೇ ಇತ್ತು.

"ಅವನು ಬಂದೂಕು ಮುಟ್ಟಿದ್ದೇ ಇಲ್ಲವಲ್ಲಪ್ಪ!"

"ನೀನಿದೀಯಲ್ಲ, ಕಲಿಸು. ಗಂಡು ಹುಡುಗ, ಒಂದು ಕಡೆ ನೆಲೆ ನಿಲ್ಲಲಿ."

"ಇಷ್ಟು ದಿನ ಹೊಡೆದಿದ್ದು ಯಾರು?"

"ಅದನ್ನೇನು ಡಂಗುರ ಹೊಡೆಸಬೇಕಾ?"

ಅವಳು ಹಲ್ಲು ಕಚ್ಚಿಕೊಂಡು ಎರಡು ಬೆರಳು ಮುಂದಕ್ಕೆ ತಳ್ಳಿದಳು. ಅಪ್ಪನ ಮೇಲೆ ಸಿಟ್ಟು, ತಮ್ಮನ ಮೇಲೆ ಸಿಟ್ಟು. ಎಲ್ಲಕ್ಕಿಂತ ಹೆಚ್ಚು, ಅಷ್ಟು ಸಿಟ್ಟಿನಲ್ಲೂ ತಿರುಪನ್ನು ಚೊಕ್ಕವಾಗಿ ಬಿಗಿಯುತ್ತಿದ್ದ ತನ್ನ ಕೈಗಳ ಮೇಲೆ ಸಿಟ್ಟು.

ಗುರಿ ಹೊಂದಿಸಿದ್ದೂ ಅವಳೇ, ಕತ್ತು ಚಾಚಿ ಚಾಚಿ ನರ ಹಿಡಿದುಕೊಳ್ಳುವ ತನಕ. ತಮ್ಮನಿಗೆ ಪಾಠವನ್ನೂ ಹೇಳಿದಳು. "ನಡುತೊಲೆಗೆ ಗೆರೆ ಕೂಡೋ ಜಾಗ. ದೂರದ ತೊಲೆಗೆ ಕೆಳಗಿನ ಚುಕ್ಕೆ. ತೀರಾ ಹತ್ತಿರದ್ದಕ್ಕೂ ಚುಕ್ಕೇನೇ. ದುರ್ಬೀನು ನಳಿಗೆಗಿಂತ ಮೇಲಿದೆ, ಹತ್ತಿರದಲ್ಲಿ ಗುಂಡು ಇನ್ನೂ ಕೆಳಗೇ ಇರತ್ತೆ."

"ಹೋಗಕ್ಕ! ಹತ್ತಿರದ್ದನ್ನ ಕಣ್ಣು ಮುಚ್ಕೊಂಡು ಹೊಡೀತೀನಿ."

ಮ್ಯಾನೇಜರು ತಮ್ಮನ ಗುರಿ ನೋಡಲು ಗೋದಾಮಿಗೆ ಬಂದ ದಿನ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಅವಳು ಬಾಗಿಲ ಹತ್ತಿರ ನಿಂತಳು. ಪಾರಿವಾಳವೊಂದು ಬಂದು, ಎದುರಿಗೇ, ತೀರಾ ಹತ್ತಿರದಲ್ಲಿದ್ದ ಟ್ಯೂಬ್‌ಲೈಟಿನ ಪಟ್ಟಿಯ ಮೇಲೆ ಕೂತಿತು. ತಮ್ಮ ಕತ್ತು ಚಾಚಿ, ಗೆರೆಗಳು ಕೂಡುವ ಜಾಗವನ್ನೇ ಹಕ್ಕಿಯ ಎದೆಗಿಟ್ಟು ಹೊಡೆದ. ಗುಂಡು ಕೆಳಗೆ ಹೋಯಿತು. ಟ್ಯೂಬು ಢಮ್ಮೆಂದು ಒಡೆದು, ಬೀಸುವುದಕ್ಕೆಂದು ಸುರಿದಿಟ್ಟ ಗೋಧಿಯ ರಾಶಿಯ ಮೇಲೆ ಗಾಜೆಲ್ಲ ಬಿತ್ತು.

"ಅಷ್ಟೂ ಗೋಧಿ ತಿಪ್ಪೆಗೆ!" ಮ್ಯಾನೇಜರ ಮುಖ ಕೆಂಪಾಯಿತು. "ಈ ದರಿದ್ರ ದುರ್ಬೀನು ಆರಿಸಿದ್ದು ಯಾರ್ರೀ?"

"ನನ್ನ ಮಗಳು ಸಾರ್" ಅಂದ ಅಪ್ಪ, ತಡವರಿಸದೆ. "ಅವಳೇ ಆರಿಸಿದ್ದು, ಅವಳೇ ಕೂರಿಸಿದ್ದು. ಹುಡುಗಂದೇನೂ ತಪ್ಪಿಲ್ಲ."

ಆ ಗೋದಾಮಿನಲ್ಲಿ ಅಪ್ಪ ಅವಳ ಕೆಲಸವನ್ನು ಅವಳದೆಂದು ಹೇಳಿದ್ದು ಅದೇ ಮೊದಲು. ಈ ಮಾತಿಗಾಗಿ ಎಷ್ಟು ಕಾದಿದ್ದಳು!

"ಹೌದು ಸಾರ್, ನಾನೇ" ಅಂದಳು. "ಕೂರಿಸಿದ್ದು ಮಾತ್ರ ಇವನ ಕತ್ತಿಗೆ."

ಮ್ಯಾನೇಜರಿಗೆ ತಲೆಬುಡ ತಿಳಿಯಲಿಲ್ಲ. ಅಪ್ಪನಿಗೆ ತಿಳಿಯಿತು, ಮುಖ ಆ ಕಡೆ ತಿರುಗಿಸಿದ.

"ಅದನ್ನ ಬಿಚ್ಚಿ ವಾಪಸ್ ಕೊಟ್ಟು ಬಾ" ಅಂದರು ಮ್ಯಾನೇಜರು. "ಹುಡುಗನಿಗೆ ಬೇರೆ ಕೊಡಿಸ್ತೀನಿ. ನಾಳೆಯಿಂದ ಬರಲಿ."

ಅವಳು ಮೂಟೆಯ ಮೇಲೆ ಕೂತು ತಿರುಪು ಬಿಚ್ಚತೊಡಗಿದಳು. ತಮ್ಮ ಪಕ್ಕಕ್ಕೆ ಬಂದು ಕೊಕ್ಕರೆಯ ಕತ್ತು ಬಗ್ಗಿಸಿದ.

"ಅಕ್ಕ, ಹತ್ತಿರದ್ದಕ್ಕೆ ಯಾವ ಚುಕ್ಕೆ ಅಂದೆ?"

ಅವಳು ಕೊನೆಯ ತಿರುಪನ್ನು ಅವನ ಅಂಗೈಗೆ ಹಾಕಿದಳು.

"ಅಪ್ಪನ್ನ ಕೇಳು" ಅಂದಳು.