ಆ ಗೆರೆ ಲಿಥಿಯಮ್ಮಿನದಲ್ಲ

೧
ಈ ಕತೆಯನ್ನು ನಕ್ಷತ್ರದಿಂದ ಶುರು ಮಾಡಲೋ, ಮೇಷ್ಟ್ರಿಂದಲೋ? ಮೊದಲ ಡ್ರಾಫ್ಟಿನಲ್ಲಿ ನಕ್ಷತ್ರವಿತ್ತು. ಎರಡು ಪುಟವಾದರೂ ಯಾರೂ ಬಾಯಿ ಬಿಡಲಿಲ್ಲ. ಹರಿದು ಹಾಕಿದೆ. ಹಾಗಾಗಿ ಮೇಷ್ಟ್ರು.

ನಿವೃತ್ತರಾಗಿ ಆರು ವರ್ಷವಾದರೂ ಅವರು ದಿನಾ ಸಂಶೋಧನಾಲಯಕ್ಕೆ ಬಂದು ಹಳೇ ಶಿಷ್ಯೆಯ ಕೋಣೆಯಲ್ಲಿ ಕೂರುತ್ತಿದ್ದರು. ಅವರಿಗೆ ಹೆಸರು ತಂದಿದ್ದು ಒಂದೇ ಒಂದು ಮುದಿ ನಕ್ಷತ್ರ. ಅದರ ಮೈಮೇಲೆ ಲಿಥಿಯಂ ಇನ್ನೂ ಉಳಿದಿದೆ ಎಂದು ಮೂವತ್ತು ವರ್ಷದ ಹಿಂದೆ ತೋರಿಸಿದ್ದರು.

(ಅದರಲ್ಲೇನು ವಿಶೇಷ ಅನ್ನುತ್ತೀರಾ? ಲಿಥಿಯಂ ಬಹಳ ನಾಜೂಕು. ನಕ್ಷತ್ರದ ಮೇಲ್ಪದರ ಕುದಿಯುವ ಪಾತ್ರೆಯ ಹಾಗೆ ಮೇಲೆ ಕೆಳಗೆ ಮಗುಚುತ್ತಿರುತ್ತದೆ. ತಳದ ಬಿಸಿಗೆ ಸಿಕ್ಕ ಲಿಥಿಯಂ ಒಡೆದು ಹೀಲಿಯಂ ಆಗಿಬಿಡುತ್ತದೆ. ಕೋಟ್ಯಂತರ ವರ್ಷ ಹೀಗೆ ನಡೆದರೆ ಮೇಲೆ ಉಳಿಯುವುದು ಅಷ್ಟಕ್ಕಷ್ಟೇ. ಉಳಿದರೆ, ಯಾಕೆ ಉಳಿಯಿತೆಂದು ದೊಡ್ಡ ಪ್ರಬಂಧ ಬರೆಯಬಹುದು. ಮೇಷ್ಟ್ರು ಬರೆದಿದ್ದರು.)

೨
ಆ ಮಂಗಳವಾರ ಶಿಷ್ಯೆ ಹೊಸ ಉಪಕರಣದಲ್ಲಿ ಅದೇ ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದಳು. ಆ ಬಣ್ಣಗಳ ಪಟ್ಟಿಯಲ್ಲಿ ಒಂದೊಂದು ಧಾತುವೂ ತನ್ನದೇ ಜಾಗದಲ್ಲಿ ಕಪ್ಪು ಗೆರೆ ಮೂಡಿಸುತ್ತದೆ. ಲಿಥಿಯಂ ಗೆರೆಯ ಜಾಗ ಖಾಲಿ. ಅದರ ಒತ್ತಿಗೇ ಕಬ್ಬಿಣದ ಸಣ್ಣ ಗೆರೆ. ಹಳೆಯ ಉಪಕರಣ ಅದನ್ನೇ ಲಿಥಿಯಂ ಅನ್ನುವಷ್ಟು ಮಸುಕಾಗಿ ತೋರಿಸಿತ್ತು.

ಮೇಷ್ಟ್ರಿಗೆ ಕಾಣದಂತೆ ಸ್ಕ್ರೀನ್ ತಿರುಗಿಸಿದಳು.

("ಹೇಳಿಬಿಡು," ಎಂದೆ ನಾನು.

"ನೀವೇ ಹೇಳಿ ನೋಡೋಣ. ನಂಗೆ ಗೆರೆ ಓದೋಕೆ ಕಲಿಸಿದ್ದು ಅವ್ರು, ನೀವಲ್ಲ."

ಕತೆಯನ್ನು ಶುಕ್ರವಾರಕ್ಕೆ ತಳ್ಳಿದೆ.)

ಶುಕ್ರವಾರ ಮೇಷ್ಟ್ರೇ ಕೇಳಿದರು. "ಏನಮ್ಮಾ, ಮೂರು ದಿನದಿಂದ ಮುಖ ತಪ್ಪಿಸ್ತಿದ್ದೀಯ. ನನ್ ನಕ್ಷತ್ರಕ್ಕೇನಾದ್ರೂ ಆಯ್ತಾ?"

"ಅದು ಲಿಥಿಯಂ ಅಲ್ಲ ಸರ್. ಕಬ್ಬಿಣ."

೩
ಇಲ್ಲಿ ಮೇಷ್ಟ್ರು ಕಣ್ಣೀರು ಹಾಕಬೇಕೆಂದು ಬರೆದಿದ್ದೆ. ಒಪ್ಪಲಿಲ್ಲ. ಸಿಟ್ಟಾಗಿ ಎದ್ದು ಹೋಗುವ ಇನ್ನೊಂದು ಅಂತ್ಯ ಕೊಟ್ಟೆ. ಅದೂ ಬೇಡವಂತೆ. ಕನ್ನಡಕ ಒರೆಸಿಕೊಂಡು, ಸ್ಕ್ರೀನಿಗೆ ಮೂಗು ತಾಗುವಷ್ಟು ಬಗ್ಗಿ, ಕಾಲು ಗಂಟೆ ನೋಡಿದರು.

"ಎಷ್ಟು ಸಲ ಅಳೆದೆ?"

"ಒಂಬತ್ತು."

"ಮೊದಲನೇ ಸಲಕ್ಕೇ ಗೊತ್ತಾಗಿತ್ತಲ್ವಾ?"

"ಹೂಂ ಸರ್."

"ಹಾಗಾದ್ರೆ ಉಳಿದ ಎಂಟು ಸಲ ನನಗೋಸ್ಕರ ಅಳೆದಿದ್ದೀಯ."

ಮೇಷ್ಟ್ರು ಕುರ್ಚಿಯನ್ನು ಅವಳ ಮೇಜಿಗೆ ಎಳೆದುಕೊಂಡರು. "ತಿದ್ದುಪಡಿ ಈಗ್ಲೇ ಬರಿ. ನಾನಿದ್ದಾಗ್ಲೇ."

ಅವಳು ಟೈಪ್ ಮಾಡಿದಳು: ಹಿಂದಿನ ಅಳತೆ ಬಹುಶಃ ತಪ್ಪಾಗಿತ್ತು.

"ಈ 'ಬಹುಶಃ' ಯಾಕೆ? ತೆಗಿ."

ತೆಗೆದಳು.

೪
ಒಳಗೊಳಗೇ ಅವರಿಗೆ ಏನನ್ನಿಸಿತು? ನಿಮಗಿಂತ ಮೊದಲು ನಾನೇ ಕೇಳಿದೆ.

"ನಿಮ್ ಕತೆ ಮುಗೀಲಿ ಅಂತ ನಾನ್ಯಾಕ್ರೀ ಹೇಳ್ಲಿ?" ಎಂದವರೇ, ಶಿಷ್ಯೆ ಟೈಪ್ ಮಾಡಿದ ಎರಡನೇ ವಾಕ್ಯದಲ್ಲಿ ಇನ್ನೊಂದು ತಪ್ಪು ಹಿಡಿದರು.